ಶ್ರದ್ಧಾಂಜಲಿ ಕಲೆ

ಒಂದು ಊರು, ಒಂದು ಸಮುದಾಯ ಇಲ್ಲವೇ ಇಡೀ ನಾಡು ಒಟ್ಟಾಗಿ ಅನುಭವಿಸುವ ಸಾವುನೋವಿನ ಹೊತ್ತಿನಲ್ಲಿ ಜನರು ಕೈಯಾರೆ ರಚಿಸುವ ಚಿತ್ರ, ಶಿಲ್ಪ, ಹಾಡು, ಕವಿತೆ, ಹೊಲಿಗೆ, ರಂಗೋಲಿ, ಹಚ್ಚೆ ಮೊದಲಾದ ಕೃತಿಗಳನ್ನು ಒಟ್ಟಾಗಿ ಶ್ರದ್ಧಾಂಜಲಿ ಕಲೆ ಎನ್ನಬಹುದು. ಯುದ್ಧ, ಸಾಂಕ್ರಾಮಿಕ ರೋಗ, ಕೈಗಾರಿಕಾ ದುರಂತ, ಹತ್ಯೆ, ಜನಪ್ರಿಯ ವ್ಯಕ್ತಿಯ ಅಕಾಲ ಮರಣ ಇವು ಇದರ ಹಿಂದಿರುವ ಸಾಮಾನ್ಯ ಸಂದರ್ಭಗಳು. ರಚಿಸುವವರಲ್ಲಿ ಹೆಸರಾಂತ ಕಲಾವಿದರೂ ಇದ್ದಾರೆ, ಹಿಂದೆಂದೂ ಕುಂಚ ಹಿಡಿಯದವರೂ ಇದ್ದಾರೆ. ಸರ್ಕಾರಗಳು ಕಟ್ಟಿಸುವ ಸ್ಮಾರಕದ ಕಣ್ಣು ಮುಂದಿನ ತಲೆಮಾರಿನ ಮೇಲಿರುತ್ತದೆ. ಶ್ರದ್ಧಾಂಜಲಿ ಕಲೆ ಮೊದಲು ಒದಗುವುದು ಈಗ ಅಳುತ್ತಿರುವವರಿಗೆ. ಕೃತಿ ಎಷ್ಟು ಅಂದವಾಗಿದೆ ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಅದನ್ನು ಯಾರು ಹೇಗೆ ಮಾಡಿದರು ಎಂಬುದು ಇಲ್ಲಿ ಮುಖ್ಯವಾಗುತ್ತದೆ.

ಸಾರ್ವಜನಿಕ ಶೋಕದ ಸ್ವರೂಪ

ಮನೆಯಲ್ಲಿ ಸಾವಾದಾಗ ದುಃಖಕ್ಕೆ ಒಂದು ದಾರಿ ಮೊದಲೇ ಸಿದ್ಧವಿರುತ್ತದೆ. ನೆಂಟರು ಬರುತ್ತಾರೆ, ಸೂತಕ ಹಿಡಿಯುತ್ತಾರೆ, ಹನ್ನೊಂದು ಹದಿಮೂರನೆಯ ದಿನದ ಕಾರ್ಯ ನಡೆಯುತ್ತದೆ. ಯಾರು ಎಲ್ಲಿ ಕೂರಬೇಕು, ಯಾರು ಏನು ಮಾಡಬೇಕು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಒಬ್ಬ ನಟ, ನಾಯಕ ಇಲ್ಲವೇ ಕಂಡರಿಯದ ನೂರಾರು ಜನ ಒಮ್ಮೆಗೇ ತೀರಿಕೊಂಡಾಗ ದೂರದಲ್ಲಿ ನಿಂತು ನೊಂದವರಿಗೆ ಇಂಥ ಯಾವ ಕರ್ತವ್ಯವೂ ಇರುವುದಿಲ್ಲ. ಅವರು ಬಂಧುಗಳಲ್ಲ, ಆದರೂ ನೋವು ನಿಜ. ಸಮಾಜ ಒಪ್ಪದ, ಆಚರಿಸಲು ಅವಕಾಶ ಕೊಡದ ಇಂಥ ನೋವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ‘ಮಾನ್ಯತೆ ಸಿಗದ ದುಃಖ’ ಎಂಬ ಅರ್ಥದ ಪರಿಕಲ್ಪನೆಯಡಿ ವಿವರಿಸಿದರು. ಮಾಧ್ಯಮಗಳ ಮೂಲಕ ಮಾತ್ರ ಪರಿಚಿತರಾದವರ ಜೊತೆ ನೋಡುಗರಲ್ಲಿ ಬೆಳೆಯುವ ಏಕಮುಖ ಆತ್ಮೀಯತೆಯನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಷ್ಟು ಹಿಂದೆಯೇ ಗುರುತಿಸಿದ್ದರು. ಕರ್ಮಾಂತರದಲ್ಲಿ ಪಾಲು ಸಿಗದವರಿಗೆ ಮಾಡಲು ಒಂದು ಕೆಲಸವನ್ನೂ ನಾಲ್ಕು ಜನರ ನಡುವೆ ನಿಲ್ಲಲು ಒಂದು ಜಾಗವನ್ನೂ ಶ್ರದ್ಧಾಂಜಲಿ ಕಲೆ ಕೊಡುತ್ತದೆ. ಮುಂದೆ ವಿವರಿಸುವ ಎಲ್ಲ ಪರಂಪರೆಗಳಲ್ಲೂ ಈ ಎರಡು ಗುಣಗಳು ಬೇರೆ ಬೇರೆ ಪ್ರಮಾಣದಲ್ಲಿ ಕಾಣಸಿಗುತ್ತವೆ.

ಕನ್ನಡ ನಾಡಿನ ಹಳೆಯ ಮಾದರಿಗಳು

ಕರ್ನಾಟಕದ ಊರೂರಿನಲ್ಲಿ ಕಾಣುವ ವೀರಗಲ್ಲುಗಳು ಈ ಕಲೆಯ ಬಹು ಪ್ರಾಚೀನ ರೂಪ. ದನಗಳನ್ನು ಕಳ್ಳರಿಂದ ಬಿಡಿಸುವಾಗ, ಊರಿನ ಮೇಲೆ ದಾಳಿ ನಡೆದಾಗ, ಹೆಣ್ಣುಮಕ್ಕಳ ಮಾನ ಕಾಯುವಾಗ ಮಡಿದವರಿಗೆ ಇವನ್ನು ನಿಲ್ಲಿಸಿದರು. ಶಾಸನಗಳು ಈ ಕಾಳಗಗಳನ್ನು ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂದು ಹೆಸರಿಸುತ್ತವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವರ ಸನ್ನಿಧಿಯಲ್ಲಿ ಕುಳಿತ ವೀರ ಇರುತ್ತಾರೆ. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋದಂತೆ ಸಾವಿನ ಭೀಕರತೆ ಕರಗಿ ಸಮಾಧಾನ ಮೂಡುವ ಹಾಗೆ ಶಿಲ್ಪಿ ಕಥೆಯನ್ನು ಜೋಡಿಸುತ್ತಾನೆ. ಮಡಿದವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ರೂಢಿಯೂ ಇತ್ತು. ಅದಕ್ಕೆ ನೆತ್ತರುಕೊಡಗೆ ಎಂದು ಹೆಸರು. ಊರು ಕಲ್ಲನ್ನು ನೆಟ್ಟು ಕೈತೊಳೆದುಕೊಳ್ಳಲಿಲ್ಲ, ಉಳಿದವರ ಹೊಟ್ಟೆಪಾಡನ್ನೂ ನೋಡಿತು ಎಂಬುದಕ್ಕೆ ಇದು ಸಾಕ್ಷಿ.

ಬೆಂಗಳೂರಿನ ಬೇಗೂರಿನಲ್ಲಿರುವ ಸುಮಾರು ಸಾ.ಶ. 890ರ ವೀರಗಲ್ಲು ಶಾಸನ ‘ಬೆಂಗಳೂರು ಕಾಳಗ’ದಲ್ಲಿ ಮಡಿದವರನ್ನು ನೆನೆಯುತ್ತದೆ. ಇಂದಿನ ಮಹಾನಗರದ ಹೆಸರು ಮೊದಲು ಸಿಗುವುದು ಹೀಗೊಂದು ಶೋಕದ ಬರಹದಲ್ಲಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇನ್ನೂ ವಿಶಿಷ್ಟವಾದದ್ದು. ಸುಮಾರು 949-50ರ ಈ ಕಲ್ಲು ತಕ್ಕೋಲದ ಯುದ್ಧವನ್ನು ದಾಖಲಿಸುವುದರ ಜೊತೆಗೆ, ಗಂಗ ದೊರೆ ಬೂತುಗನಿಂದ ಅವನ ಯೋಧ ಮಣಲೇರ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತದ್ದನ್ನು ಹೇಳುತ್ತದೆ. ಹಂದಿ ಮತ್ತು ನಾಯಿಯ ಹೋರಾಟವನ್ನು ಅದರ ಮೇಲೆ ಕೆತ್ತಲಾಗಿದೆ. ಶ್ರವಣಬೆಳಗೊಳದ ನಿಸಿದಿ ಶಾಸನಗಳು ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಜೈನ ಮುನಿಗಳನ್ನೂ ಆರ್ಯಿಕೆಯರನ್ನೂ ಸ್ಮರಿಸುತ್ತವೆ. ಬಳೆ ತೊಟ್ಟ ಎತ್ತಿದ ಕೈಯನ್ನು ಕೆತ್ತಿದ ಮಾಸ್ತಿಕಲ್ಲುಗಳು ಸಹಗಮನ ಮಾಡಿದ ಹೆಂಗಸರವು. ಅವು ಒಂದು ಎಚ್ಚರಿಕೆಯನ್ನೂ ಹೇಳುತ್ತವೆ: ಸ್ಮರಣೆಯ ಕಲೆ ಒಂದು ಕ್ರೂರ ಪದ್ಧತಿಗೆ ಗೌರವದ ಹೊದಿಕೆಯನ್ನೂ ಹೊದಿಸಬಲ್ಲದು.

ಕಲ್ಲಿನಂತೆ ಹಾಡಿನಲ್ಲೂ ಈ ಪರಂಪರೆ ಜೀವಂತವಾಗಿದೆ. 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೇನರ ಶೋಕಾಚರಣೆ ಉತ್ತರ ಕರ್ನಾಟಕದಲ್ಲಿ ಮೊಹರಂ ಅಥವಾ ಅಲಾಯಿ ಹಬ್ಬವಾಗಿ ನೆಲೆಗೊಂಡಿದೆ. ಪಂಜಾ ಎಂಬ ಹಸ್ತದಾಕಾರದ ಲಾಂಛನಗಳನ್ನು ಕೂರಿಸುವುದು, ಅಲಾಯಿ ಕುಣಿ ಎಂಬ ಬೆಂಕಿಯ ಗುಂಡಿಯ ಸುತ್ತ ಹೆಜ್ಜೆ ಹಾಕುವುದು, ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವುದು ಇದರ ಭಾಗ. ಮುಸ್ಲಿಂ ಮನೆಗಳೇ ಇಲ್ಲದ ಹಳ್ಳಿಗಳಲ್ಲೂ ಹಿಂದೂಗಳು ಇದನ್ನು ನಡೆಸುತ್ತಾರೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನಾಡಿನಲ್ಲೇ ಪ್ರಸಿದ್ಧ. ದೂರದ ಮರುಭೂಮಿಯಲ್ಲಿ ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ನಡೆದ ಸಾವು ಈ ನೆಲದ ರೈತನ ಬಾಯಲ್ಲಿ ಪದವಾಗಿ ಉಳಿದಿರುವುದು ಸಾರ್ವಜನಿಕ ಶೋಕಕ್ಕೆ ಕಲೆ ಕೊಡುವ ಆಯುಷ್ಯವನ್ನು ತೋರಿಸುತ್ತದೆ.

ಯುದ್ಧಗಳ ಶತಮಾನ

ಇಪ್ಪತ್ತನೆಯ ಶತಮಾನದ ಯುರೋಪಿನಲ್ಲಿ ಈ ವಿಷಯಕ್ಕೆ ಬದುಕನ್ನೇ ಮುಡಿಪಿಟ್ಟ ಕಲಾವಿದೆ ಜರ್ಮನಿಯ ಕೇಥೆ ಕೋಲ್‌ವಿಟ್ಸ್. ಆಕೆಯ ಕಿರಿಯ ಮಗ ಪೀಟರ್ 1914ರ ಅಕ್ಟೋಬರ್‌ನಲ್ಲಿ, ಮೊದಲ ಮಹಾಯುದ್ಧ ಶುರುವಾದ ಕೆಲವೇ ತಿಂಗಳಲ್ಲಿ ಬೆಲ್ಜಿಯಂನಲ್ಲಿ ಸತ್ತ. ಅವನಿಗಾಗಿ ಸ್ಮಾರಕ ಮಾಡಲು ಹೊರಟ ಆಕೆ ಕೆತ್ತಿದ್ದನ್ನು ಬಿಟ್ಟು, ಮತ್ತೆ ಕೈಗೆತ್ತಿಕೊಂಡು, ಕೊನೆಗೆ 1932ರಲ್ಲಿ ‘ಶೋಕತಪ್ತ ತಂದೆತಾಯಿ’ ಎಂಬ ಎರಡು ಶಿಲ್ಪಗಳನ್ನು ಅಲ್ಲಿನ ಸೈನಿಕ ಸ್ಮಶಾನದಲ್ಲಿ ನಿಲ್ಲಿಸಿದರು. ಮಂಡಿಯೂರಿ ಕುಳಿತ ಆ ಇಬ್ಬರಿಗೆ ತಮ್ಮ ಮತ್ತು ತಮ್ಮ ಪತಿಯ ಮುಖವನ್ನೇ ಕೊಟ್ಟಿದ್ದರು. ಮಗನ ರೂಪವನ್ನು ಕೆತ್ತುವ ಮೊದಲಿನ ಯೋಜನೆಯನ್ನು ಕೈಬಿಟ್ಟಿದ್ದರಿಂದ ಆ ಶಿಲ್ಪಗಳು ಅಲ್ಲಿ ಮಣ್ಣಾದ ಎಲ್ಲ ಹುಡುಗರ ತಂದೆತಾಯಿಯರವೂ ಆದವು. ಖಾಸಗಿ ಸಂಕಟವೊಂದು ಹದಿನೆಂಟು ವರ್ಷಗಳ ದುಡಿಮೆಯಲ್ಲಿ ಸಾರ್ವಜನಿಕ ಶೋಕವಾಗಿ ಹದಗೊಂಡದ್ದು ಹೀಗೆ.

ಅದೇ ಕೋಲ್‌ವಿಟ್ಸ್ ಜನನಾಯಕನೊಬ್ಬನಿಗೂ ಶ್ರದ್ಧಾಂಜಲಿ ರಚಿಸಿದ್ದಾರೆ. 1919ರ ಜನವರಿಯಲ್ಲಿ ಸಮಾಜವಾದಿ ಮುಖಂಡ ಕಾರ್ಲ್ ಲೀಬ್‌ನೆಕ್ಟ್ ಕೊಲೆಯಾದಾಗ ಅವರ ಕುಟುಂಬದವರ ಕೋರಿಕೆಯಂತೆ ಶವಾಗಾರದಲ್ಲಿ ಕುಳಿತು ರೇಖಾಚಿತ್ರಗಳನ್ನು ಬರೆದರು. ಎಚ್ಚಣೆ, ಶಿಲಾಮುದ್ರಣ ಎರಡನ್ನೂ ಪ್ರಯತ್ನಿಸಿ ತೃಪ್ತಿಯಾಗದೆ ಕೊನೆಗೆ ಮರದಚ್ಚಿನಲ್ಲಿ ಕೃತಿಯನ್ನು ಮುಗಿಸಿದರು. ಶವದ ಮೇಲೆ ಬಾಗಿದ ಕಾರ್ಮಿಕರ ಮುಖ ಮತ್ತು ಕೈಗಳೇ ಅದರ ಬಹುಭಾಗವನ್ನು ತುಂಬಿವೆ. ಸತ್ತವನಿಗಿಂತ ಅಳುವವರ ಮೇಲೆ ನೋಟ ನೆಡುವ ಈ ರೀತಿ ಮುಂದೆ ಅನೇಕ ಕಲಾವಿದರಿಗೆ ದಾರಿಯಾಯಿತು. ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ 1937ರ ಏಪ್ರಿಲ್ 26ರಂದು ನಡೆದ ಬಾಂಬ್ ದಾಳಿಗೆ ಪ್ರತಿಯಾಗಿ ಪಾಬ್ಲೊ ಪಿಕಾಸೊ ರಚಿಸಿದ, ಸುಮಾರು 7.8 ಮೀಟರ್ ಅಗಲದ ‘ಗೆರ್ನಿಕಾ’ ಶೋಕ ಮತ್ತು ಪ್ರತಿಭಟನೆಗಳನ್ನು ಒಂದೇ ಚೌಕಟ್ಟಿಗೆ ತಂದಿತು.

ಜಪಾನಿನ ಹಿರೋಶಿಮಾದಲ್ಲಿ ಬೇರೆಯದೇ ದಾರಿ ತೆರೆಯಿತು. 1974ರಲ್ಲಿ ವೃದ್ಧರೊಬ್ಬರು ಅಣುಬಾಂಬ್ ಬಿದ್ದ ದಿನ ತಾವು ಕಂಡದ್ದನ್ನು ಚಿತ್ರವಾಗಿ ಬರೆದು ಸ್ಥಳೀಯ ಪ್ರಸಾರ ಕೇಂದ್ರಕ್ಕೆ ತಂದುಕೊಟ್ಟರು. ಕೇಂದ್ರದವರು ಇತರರನ್ನೂ ಕರೆದಾಗ 2,000ಕ್ಕೂ ಹೆಚ್ಚು ಚಿತ್ರಗಳು ಬಂದವು. ಬರೆದವರಲ್ಲಿ ಬಹುತೇಕರು ಚಿತ್ರಕಲೆ ಕಲಿತವರಲ್ಲ. ಸುಮಾರು ಮೂವತ್ತು ವರ್ಷ ಬಾಯಿಬಿಟ್ಟು ಹೇಳಲಾಗದ್ದು ಬಣ್ಣದ ಪೆನ್ಸಿಲಿನಲ್ಲಿ ಹೊರಬಂತು. ವಿಕಿರಣದ ಪರಿಣಾಮದಿಂದ ರಕ್ತದ ಕ್ಯಾನ್ಸರ್‌ಗೆ ತುತ್ತಾಗಿ 1955ರಲ್ಲಿ 12ನೆಯ ವಯಸ್ಸಿಗೆ ತೀರಿಕೊಂಡ ಸದಾಕೊ ಸಸಾಕಿ ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆಗಳನ್ನು ಮಡಚುತ್ತಿದ್ದಳು. ಅವಳ ಸಹಪಾಠಿಗಳು ಶುರುಮಾಡಿದ ಅಭಿಯಾನದಿಂದ 1958ರಲ್ಲಿ ಮಕ್ಕಳ ಶಾಂತಿ ಸ್ಮಾರಕ ಎದ್ದು ನಿಂತಿತು. ಇಂದಿಗೂ ಜಗತ್ತಿನ ನಾನಾ ಕಡೆಯ ಶಾಲಾಮಕ್ಕಳು ಕೊಕ್ಕರೆ ಮಡಚಿ ಅಲ್ಲಿಗೆ ಕಳಿಸುತ್ತಾರೆ.

ಹೆಸರಿನ ಗೋಡೆ, ಹೆಸರಿನ ಕೌದಿ

ಅಮೆರಿಕದ ವಾಷಿಂಗ್ಟನ್‌ನಲ್ಲಿ 1982ರಲ್ಲಿ ತೆರೆದ ವಿಯೆಟ್ನಾಂ ಯೋಧರ ಸ್ಮಾರಕ ಅಧಿಕೃತ ಸ್ಮಾರಕವೇ ಆದರೂ ಜನರ ಕೈಗೆ ಕೆಲಸ ಕೊಟ್ಟಿತು. 1,421 ಪ್ರಸ್ತಾವಗಳಲ್ಲಿ ಆಯ್ಕೆಯಾದದ್ದು ಆಗ 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ಅವರ ವಿನ್ಯಾಸ. ನೆಲವನ್ನು ಸೀಳಿದಂತಿರುವ ಕಪ್ಪುಕಲ್ಲಿನ ಗೋಡೆಯ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸದೆ ಸಾವಿನ ಕಾಲಾನುಕ್ರಮದಲ್ಲಿ ಕೆತ್ತಲಾಗಿದೆ. ಜೊತೆಯಲ್ಲಿ ಮಡಿದವರ ಹೆಸರು ಜೊತೆಯಲ್ಲೇ ಉಳಿಯಿತು. ಬಂದವರು ಹೆಸರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋಗುತ್ತಾರೆ, ಪತ್ರ, ಬೂಟು, ಪದಕಗಳನ್ನು ಗೋಡೆಯ ಬುಡದಲ್ಲಿ ಬಿಟ್ಟು ಹೋಗುತ್ತಾರೆ.

ಸ್ಮಾರಕವನ್ನು ಪೂರ್ತಿಯಾಗಿ ಜನರೇ ಮಾಡಿದ ಅತಿ ದೊಡ್ಡ ಉದಾಹರಣೆ ಏಡ್ಸ್ ಸ್ಮರಣೆಯ ಕೌದಿ. 1985ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ, 1978ರಲ್ಲಿ ಹತ್ಯೆಯಾದ ಅಲ್ಲಿನ ಜನಪ್ರತಿನಿಧಿಗಳಾದ ಹಾರ್ವಿ ಮಿಲ್ಕ್ ಮತ್ತು ಜಾರ್ಜ್ ಮಸ್ಕೋನಿ ಅವರ ನೆನಪಿನ ಮೋಂಬತ್ತಿ ಮೆರವಣಿಗೆ ನಡೆಯಿತು. ಏಡ್ಸ್‌ನಿಂದ ಸತ್ತ ತಮ್ಮವರ ಹೆಸರುಗಳನ್ನು ಫಲಕಗಳಲ್ಲಿ ಬರೆದು ತರುವಂತೆ ಕಾರ್ಯಕರ್ತ ಕ್ಲೀವ್ ಜೋನ್ಸ್ ಜನರನ್ನು ಕೇಳಿಕೊಂಡಿದ್ದರು. ಸರ್ಕಾರಿ ಕಟ್ಟಡವೊಂದರ ಗೋಡೆಗೆ ಅಂಟಿಸಿದ ಆ ಫಲಕಗಳು ತುಂಡುಬಟ್ಟೆಯ ಕೌದಿಯಂತೆ ಕಂಡವು. 1987ರಲ್ಲಿ ಆ ಕಲ್ಪನೆ ಯೋಜನೆಯಾಯಿತು. ಪ್ರತಿ ತುಂಡು 3 ಅಡಿ ಅಗಲ, 6 ಅಡಿ ಉದ್ದ. ಅದು ಒಬ್ಬ ಮನುಷ್ಯನನ್ನು ಹೂಳುವ ಗುಂಡಿಯ ಅಳತೆ. ಎಂಟು ತುಂಡುಗಳನ್ನು ಜೋಡಿಸಿ 12 ಅಡಿಯ ಚೌಕ ಹೊಲಿಯುತ್ತಾರೆ. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್‌ನ ಬಯಲಿನಲ್ಲಿ ಮೊದಲ ಬಾರಿ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಈಗ ಸುಮಾರು 50,000 ತುಂಡುಗಳಲ್ಲಿ 1,10,000ಕ್ಕೂ ಹೆಚ್ಚು ಹೆಸರುಗಳಿವೆ. ತೂಕ ಸುಮಾರು 54 ಟನ್.

ಈ ಕೌದಿಯ ಹಿಂದಿನ ಪರಿಸ್ಥಿತಿಯನ್ನು ಮರೆತರೆ ಅದರ ಮಹತ್ವ ತಿಳಿಯುವುದಿಲ್ಲ. ಆಗ ಏಡ್ಸ್‌ನಿಂದ ಸತ್ತವರ ಶವಸಂಸ್ಕಾರಕ್ಕೆ ಅನೇಕ ಕಡೆ ನಿರಾಕರಣೆ ಎದುರಾಗುತ್ತಿತ್ತು. ಮನೆಯವರೇ ಸಾವಿನ ಕಾರಣವನ್ನು ಮುಚ್ಚಿಡುತ್ತಿದ್ದರು. ಸಂಗಾತಿಗಳಿಗೆ ಅಂತ್ಯಕ್ರಿಯೆಯಲ್ಲಿ ಜಾಗವಿರುತ್ತಿರಲಿಲ್ಲ. ಅಂಥವರು ಸತ್ತವರ ಅಂಗಿ, ಜೀನ್ಸ್, ಆಟಿಕೆ, ಫೋಟೊಗಳನ್ನು ತಂದು ಹೊಲಿದರು. ಕೆಲವರು ಇಡೀ ಹೆಸರು ಹಾಕಲು ಹೆದರಿ ಮೊದಲ ಹೆಸರನ್ನಷ್ಟೇ ಹೊಲಿದರು. ಕೌದಿಯನ್ನು ಹಾಸುವಾಗ ಹೆಸರುಗಳನ್ನು ಗಟ್ಟಿಯಾಗಿ ಓದುವುದು ಆಚರಣೆಯೇ ಆಯಿತು. ಇಡೀ ಕೌದಿಯನ್ನು ಆ ಬಯಲಿನಲ್ಲಿ ಕೊನೆಯ ಬಾರಿ ಒಟ್ಟಿಗೆ ಹಾಸಿದ್ದು 1996ರ ಅಕ್ಟೋಬರ್‌ನಲ್ಲಿ.

ಹೊಲಿಗೆಯೇ ನಾಲಿಗೆಯಾದ ಇನ್ನೊಂದು ಸಂದರ್ಭ ದಕ್ಷಿಣ ಅಮೆರಿಕದ ಚಿಲಿಯದು. 1973ರ ಸೈನಿಕ ಕ್ರಾಂತಿಯ ನಂತರ ಕಣ್ಮರೆಯಾದವರ ತಾಯಂದಿರೂ ಹೆಂಡಂದಿರೂ ಗೋಣಿಬಟ್ಟೆಯ ಮೇಲೆ ಚೂರುಬಟ್ಟೆ ಹೊಲಿದು ‘ಅರ್ಪಿಯೇರಾ’ ಎಂಬ ಚಿತ್ರಗಳನ್ನು ಮಾಡಿದರು. ಕೆಲವುಗಳಲ್ಲಿ ಕಾಣೆಯಾದವರ ಬಟ್ಟೆಯ ತುಂಡುಗಳೇ ಇದ್ದವು. ಚರ್ಚಿನ ಆಶ್ರಯದಲ್ಲಿ ಒಟ್ಟಿಗೆ ಕೂತು ಹೊಲಿದ ಇವು ಗುಟ್ಟಾಗಿ ದೇಶದ ಹೊರಗೆ ಹೋಗಿ ಆಡಳಿತದ ಕ್ರೌರ್ಯಕ್ಕೆ ಸಾಕ್ಷಿ ನುಡಿದವು.

ದುರಂತ ಮತ್ತು ಸಾಂಕ್ರಾಮಿಕ

1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದ ನಂತರ, 1985ರಲ್ಲಿ ಡಚ್ ಶಿಲ್ಪಿ ರೂತ್ ವಾಟರ್‌ಮನ್ ಕಾರ್ಖಾನೆಯ ಎದುರಿಗೆ ತಾಯಿ ಮತ್ತು ಮಗುವಿನ ಶಿಲ್ಪ ರಚಿಸಿದರು. ಪ್ರತಿವರ್ಷದ ಸ್ಮರಣೆ, ಹೋರಾಟಗಳಲ್ಲಿ ಜನ ಅದರ ಬಳಿ ಸೇರುತ್ತಾರೆ. 2014ರಲ್ಲಿ ಸಂತ್ರಸ್ತರ ಸಂಘಟನೆಗಳ ಆಸರೆಯಲ್ಲಿ ತೆರೆದ ‘ರಿಮೆಂಬರ್ ಭೋಪಾಲ್’ ಸಂಗ್ರಹಾಲಯ ಸತ್ತವರ ಬಟ್ಟೆಬರೆ, ಆಟಿಕೆಗಳ ಜೊತೆ ಬದುಕುಳಿದವರ ಧ್ವನಿಮುದ್ರಿತ ಮಾತುಗಳನ್ನು ಇರಿಸಿದೆ.

ಕೋವಿಡ್ ಕಾಲದಲ್ಲಿ ಕೊನೆಯ ಬಾರಿ ಮುಖ ನೋಡುವ ಅವಕಾಶವೂ ಅಸಂಖ್ಯ ಕುಟುಂಬಗಳಿಗೆ ತಪ್ಪಿತು. ಲಂಡನ್ನಿನಲ್ಲಿ 2021ರ ಮಾರ್ಚ್‌ನಿಂದ ಸಂಸತ್ ಭವನಕ್ಕೆ ಎದುರಾಗಿರುವ ನದಿದಂಡೆಯ ಗೋಡೆಯ ಮೇಲೆ ಸ್ವಯಂಸೇವಕರು ಒಂದೊಂದು ಸಾವಿಗೆ ಒಂದೊಂದರಂತೆ ಸುಮಾರು ಒಂದೂವರೆ ಲಕ್ಷ ಕೆಂಪು ಹೃದಯಗಳನ್ನು ಕೈಯಿಂದ ಬರೆದರು. ಬಣ್ಣ ಮಾಸಿದಂತೆ ಅವನ್ನು ಮತ್ತೆ ಮತ್ತೆ ತಿದ್ದುತ್ತ ಬಂದಿದ್ದಾರೆ. ಹೀಗೆ ತಿದ್ದುವ ಕೆಲಸವೇ ಅಲ್ಲಿ ಸ್ಮರಣೆಯ ವಿಧಿಯಾಗಿದೆ.

ಜನಪ್ರಿಯರ ಅಗಲಿಕೆ

1997ರ ಆಗಸ್ಟ್ 31ರಂದು ರಾಜಕುಮಾರಿ ಡಯಾನಾ ಅಪಘಾತದಲ್ಲಿ ಮೃತಪಟ್ಟಾಗ ಲಂಡನ್ನಿನ ಕೆನ್ಸಿಂಗ್‌ಟನ್ ಅರಮನೆಯ ಮುಂದೆ ಹೂವಿನ ರಾಶಿ ಬಿತ್ತು. ಗಾಯಕ ಎಲ್ಟನ್ ಜಾನ್ 1973ರಲ್ಲಿ ಮರ್ಲಿನ್ ಮನ್ರೊ ನೆನಪಿಗಾಗಿ ಹಾಡಿದ್ದ ಹಾಡಿಗೆ ಹೊಸ ಸಾಹಿತ್ಯ ಸೇರಿಸಿ ಅಂತ್ಯಕ್ರಿಯೆಯಲ್ಲಿ ಹಾಡಿದರು. ಅದರ ಗಳಿಕೆ ದತ್ತಿನಿಧಿಗೆ ಹೋಯಿತು. ಹೆಸರಾಂತರಲ್ಲದವರ ಸಾವಿಗೂ ಇಂಥ ಸ್ಪಂದನೆ ಕಂಡದ್ದುಂಟು: ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 2017ರ ಮೇ 22ರ ಬಾಂಬ್ ದಾಳಿಯ ನಂತರ ಸಾವಿರಾರು ಜನ ನಗರದ ಲಾಂಛನವಾದ ಜೇನುಹುಳುವಿನ ಹಚ್ಚೆ ಹಾಕಿಸಿಕೊಂಡು ಸಂತ್ರಸ್ತರಿಗಾಗಿ ಹಣ ಕೂಡಿಸಿದರು.

ಕರ್ನಾಟಕದಲ್ಲಿ ನಟ ಶಂಕರ್‌ನಾಗ್ ಅವರ ನೆನಪು ಆಟೊರಿಕ್ಷಾಗಳ ಮೇಲೆ ಓಡಾಡುತ್ತದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಅವರು ಬಲಿಯಾದರು. 1980ರ ‘ಆಟೋ ರಾಜ’ ಚಿತ್ರದಲ್ಲಿ ತಮ್ಮ ಬದುಕನ್ನು ಕಂಡಿದ್ದ ಚಾಲಕರು ಅವರ ಮುಖವನ್ನು ಗಾಡಿಯ ಹಿಂದೆ ಬರೆಸಿಕೊಂಡರು, ನಿಲ್ದಾಣಗಳಿಗೆ ಅವರ ಹೆಸರಿಟ್ಟರು. ಅವರನ್ನು ತೆರೆಯ ಮೇಲೆ ಬಿಟ್ಟರೆ ಬೇರೆಲ್ಲೂ ಕಾಣದ ತಲೆಮಾರಿನ ಚಾಲಕರೂ ಇದನ್ನು ಮುಂದುವರಿಸಿದ್ದಾರೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೆ ಹಠಾತ್ತನೆ ತೀರಿಕೊಂಡಾಗ ಹುಟ್ಟಿದ ಕೃತಿಗಳ ವೈವಿಧ್ಯ ಕನ್ನಡ ನಾಡಿನಲ್ಲಿ ಅಪೂರ್ವ. ಗೋಡೆಚಿತ್ರ, ಪೆನ್ಸಿಲ್ ರೇಖಾಚಿತ್ರ, ರಂಗೋಲಿ, ಪುತ್ಥಳಿ, ಎದೆ ತೋಳುಗಳ ಮೇಲಿನ ಹಚ್ಚೆ, ಊರಿನ ಸರ್ಕಲ್ಲುಗಳ ಫ್ಲೆಕ್ಸ್, ಅಭಿಮಾನಿಗಳೇ ಕಟ್ಟಿದ ಹಾಡು ಎಲ್ಲವೂ ಇದ್ದವು. ‘ರಾಜಕುಮಾರ’ ಚಿತ್ರದ ‘ಬೊಂಬೆ ಹೇಳುತೈತೆ’ ಹಾಡು ಜನರ ಬಾಯಲ್ಲಿ ಶೋಕಗೀತೆಯೇ ಆಗಿಹೋಯಿತು. ನವೆಂಬರ್ 16ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಪುನೀತ ನಮನ’ ನಡೆಯಿತು. 2006ರಲ್ಲಿ ತೀರಿಕೊಂಡ ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳಂತೆ ಪುನೀತ್ ಅವರ ಕಣ್ಣುಗಳೂ ದಾನವಾದವು, ನಾಲ್ವರಿಗೆ ದೃಷ್ಟಿ ಬಂತು. ಅನಂತರ ನೇತ್ರದಾನಕ್ಕೆ ಹೆಸರು ಬರೆಸುವವರ ಸಂಖ್ಯೆ ಏರಿತು. ಪುನೀತ್ ಅವರ ಚಿತ್ರ ಬಿಡಿಸಿ, ಅದರ ಮುಂದೆ ಅನ್ನದಾನ, ರಕ್ತದಾನ ಶಿಬಿರ ನಡೆಸುವುದು ಅಭಿಮಾನಿಗಳ ರೂಢಿಯಾಯಿತು. ವೀರಗಲ್ಲಿನ ಜೊತೆ ನೆತ್ತರುಕೊಡಗೆ ಇದ್ದಂತೆ ಇಲ್ಲಿಯೂ ಸ್ಮರಣೆ ಬದುಕಿರುವವರ ಉಪಕಾರಕ್ಕೆ ತಿರುಗಿತು.

ಮನಸ್ಸಿನ ಮೇಲಿನ ಪರಿಣಾಮ

ಸತ್ತವರ ಮೇಲಿನ ಮಮತೆಯನ್ನು ಕಡಿದುಕೊಂಡರೆ ಮಾತ್ರ ದುಃಖ ಮುಗಿಯುತ್ತದೆ ಎಂಬ ಅಭಿಪ್ರಾಯ ಮನೋವಿಜ್ಞಾನದಲ್ಲಿ ಬಹುಕಾಲ ಪ್ರಬಲವಾಗಿತ್ತು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ ಸಂಪಾದಿಸಿದ ಗ್ರಂಥ ಇದನ್ನು ಪ್ರಶ್ನಿಸಿತು. ಬಂಧ ಕಡಿಯಬೇಕಿಲ್ಲ, ಅದು ಹೊಸ ರೂಪ ತಾಳಿ ಮುಂದುವರಿಯಬಹುದು ಎಂಬುದು ಅವರ ವಾದ. 1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್, ದುಃಖಿಯ ಮನಸ್ಸು ಅಗಲಿಕೆಯ ನೋವು ಮತ್ತು ದಿನದ ಬದುಕಿನ ಕೆಲಸಗಳ ನಡುವೆ ಹೋಗಿಬರುತ್ತಿರುವುದೇ ಸಹಜ ಎಂದು ವಿವರಿಸಿದರು. ಕಲಾರಚನೆ ಈ ಓಡಾಟಕ್ಕೆ ಚೆನ್ನಾಗಿ ಹೊಂದುತ್ತದೆ: ಸೂಜಿಗೆ ದಾರ ಪೋಣಿಸುವಾಗ ಗಮನ ಕೈಯ ಮೇಲಿರುತ್ತದೆ, ಹೆಸರಿನ ಅಕ್ಷರ ಹೊಲಿಯುವಾಗ ನೆನಪಿನ ಮೇಲೆ.

ಸಂಶೋಧಕಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ವಯಸ್ಕರು 45 ನಿಮಿಷ ಕಲಾರಚನೆ ಮಾಡಿದಾಗ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿಯಿತು. ಅವರಿಗೆ ಕಲೆಯಲ್ಲಿ ಮೊದಲಿನ ಅನುಭವ ಇತ್ತೇ ಇಲ್ಲವೇ ಎಂಬುದರಿಂದ ಫಲಿತಾಂಶ ಬದಲಾಗಲಿಲ್ಲ. ಅದು ಶೋಕದ ಬಗೆಗಿನ ಅಧ್ಯಯನವಲ್ಲ, ಭಾಗವಹಿಸಿದವರೂ ಕಡಿಮೆ. ಆದರೂ ‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂದು ಹಿಂಜರಿಯುವವರಿಗೆ ಅದರಲ್ಲಿ ಧೈರ್ಯವಿದೆ. ಭೋಪಾಲ ದುರಂತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ನಂತರ ಸಂತ್ರಸ್ತರ ಮನೋಸಾಮಾಜಿಕ ಆರೈಕೆಯಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ತಜ್ಞರು ದುಡಿದಿದ್ದಾರೆ. ಮಾತಿನಲ್ಲಿ ಹೇಳಲಾಗದ ಮಕ್ಕಳಿಗೆ ಚಿತ್ರ, ಆಟ, ಕಥೆಗಳ ಮೂಲಕ ದಾರಿ ಮಾಡಿಕೊಡುವುದು ಇಂಥ ಆರೈಕೆಯ ಒಂದು ಮುಖ್ಯ ವಿಧಾನ.

ಮಿತಿಗಳು ಮತ್ತು ವಿವಾದಗಳು

ಕಲೆ ಚಿಕಿತ್ಸೆಗೆ ಬದಲಿಯಲ್ಲ. ಪುನೀತ್ ನಿಧನದ ನಂತರ ಕೆಲವು ಅಭಿಮಾನಿಗಳು ಪ್ರಾಣ ಕಳೆದುಕೊಂಡ ಸುದ್ದಿ ಬಂದಾಗ ಕುಟುಂಬದವರೇ ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳಬೇಕಾಯಿತು. ನಿದ್ದೆ, ಊಟ, ಕೆಲಸ ಬಹುಕಾಲ ಕೆಟ್ಟಾಗ, ಬದುಕು ಬೇಡವೆನಿಸಿದಾಗ ವೈದ್ಯಕೀಯ ನೆರವು ಬೇಕೇಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೂ ಮಾತನಾಡಬಹುದು.

ಇನ್ನೊಬ್ಬರ ನೋವನ್ನು ಚಿತ್ರಿಸುವ ಹಕ್ಕು ಯಾರದು ಎಂಬ ಪ್ರಶ್ನೆಯೂ ಇದೆ. 1955ರಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಬಿಳಿಯರಿಂದ ಕೊಲೆಯಾದ 14 ವರ್ಷದ ಕಪ್ಪು ಬಾಲಕ ಎಮೆಟ್ ಟಿಲ್‌ನ ಶವವನ್ನು ಶ್ವೇತವರ್ಣೀಯ ಕಲಾವಿದೆ ಡೇನಾ ಶುಟ್ಸ್ ಚಿತ್ರಿಸಿದ್ದರು. ಅದು 2017ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡಾಗ ತೀವ್ರ ಪ್ರತಿಭಟನೆ ನಡೆಯಿತು. ಕೋಲ್‌ವಿಟ್ಸ್ ಅವರ ತಾಯಿಮಗನ ಕಿರುಶಿಲ್ಪವನ್ನು 1993ರಲ್ಲಿ ಹಿಗ್ಗಿಸಿ ಬರ್ಲಿನ್ನಿನ ರಾಷ್ಟ್ರೀಯ ಸ್ಮಾರಕದಲ್ಲಿ ಇರಿಸಿದಾಗ, ಕೊಂದವರನ್ನೂ ಕೊಲೆಯಾದವರನ್ನೂ ಒಂದೇ ಶೋಕದಡಿ ತಂದಂತಾಯಿತು ಎಂಬ ಟೀಕೆ ಬಂತು. ಮುದ್ರಿತ ಫ್ಲೆಕ್ಸುಗಳಲ್ಲಿ ಸತ್ತವರಿಗಿಂತ ಹಾಕಿಸಿದವರ ಮುಖಗಳೇ ಹೆಚ್ಚಾಗುವುದು ನಮ್ಮ ಊರುಗಳಲ್ಲಿ ಕಾಣುವ ಕೊರತೆ. ಅಲ್ಲಿ ಕೈಯ ಕೆಲಸವೂ ಇಲ್ಲ, ನೆನಪಿಗೆ ಜಾಗವೂ ಇಲ್ಲ.

ಸಂರಕ್ಷಣೆ

ಬೀದಿಯಲ್ಲಿ ಹುಟ್ಟುವ ಕೃತಿಗಳು ಬಹುಪಾಲು ಅಲ್ಪಾಯುಷಿಗಳು. ಮ್ಯಾಂಚೆಸ್ಟರ್‌ನಲ್ಲಿ ಜನ ಇಟ್ಟುಹೋದ ಹೂಗಳನ್ನು ಗೊಬ್ಬರ ಮಾಡಿ, 10,000ಕ್ಕೂ ಹೆಚ್ಚು ವಸ್ತುಗಳನ್ನು ನಗರದ ಕಲಾಗ್ಯಾಲರಿ ದಾಖಲೆಯಾಗಿ ಉಳಿಸಿಕೊಂಡಿತು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳು ಮತ್ತು ವೀರಗಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಿಡುತ್ತಿದೆ. ರಸ್ತೆ, ಬಡಾವಣೆಗಳ ಕೆಲಸದಲ್ಲಿ ಕಲ್ಲುಗಳು ಕಾಣೆಯಾಗುತ್ತಿರುವ ಹೊತ್ತಿನಲ್ಲಿ ಇದು ತುರ್ತಿನ ಕೆಲಸ. ನಮ್ಮ ಕಾಲದ ಗೋಡೆಚಿತ್ರ, ಆಟೊಚಿತ್ರ, ಅಭಿಮಾನಿಗಳ ಹಾಡುಗಳನ್ನೂ ಇದೇ ಕಾಳಜಿಯಿಂದ ದಾಖಲಿಸಬೇಕಾಗಿದೆ.

ಮೌಲ್ಯಮಾಪನ

ಶ್ರದ್ಧಾಂಜಲಿ ಕಲೆಯನ್ನು ಕೇವಲ ಕುಶಲತೆಯಿಂದ ಅಳೆದರೆ ಅದರ ಬಹುಭಾಗ ಲೆಕ್ಕಕ್ಕೇ ಸಿಗುವುದಿಲ್ಲ. ಸತ್ತವರ ಹೆಸರು ಮತ್ತು ಬದುಕಿನ ಬಗ್ಗೆ ಅದು ಪ್ರಾಮಾಣಿಕವಾಗಿದೆಯೇ, ನೊಂದವರಿಗೆ ಅದರಲ್ಲಿ ಕೈಹಾಕಲು ಅವಕಾಶವಿತ್ತೇ, ಬೇರೆಯವರು ಬಂದು ಜೊತೆಗೆ ನಿಲ್ಲಲು ಜಾಗ ಮಾಡಿತೇ, ಸಾವಿಗೆ ಕಾರಣವಾದ ಅನ್ಯಾಯವನ್ನು ಮುಚ್ಚದೆ ತೋರಿಸಿತೇ ಎಂಬ ಪ್ರಶ್ನೆಗಳು ಹೆಚ್ಚು ನ್ಯಾಯದವು. ಏಡ್ಸ್ ಸ್ಮರಣೆಯ ಕೌದಿ ಈ ನಾಲ್ಕಕ್ಕೂ ಉತ್ತರ ಕೊಡುತ್ತದೆ. ಮಾಸ್ತಿಕಲ್ಲು ಕೊನೆಯ ಪ್ರಶ್ನೆಯಲ್ಲಿ ಸೋಲುತ್ತದೆ. ಶಾಲೆ, ಗ್ರಂಥಾಲಯ, ಗ್ರಾಮ ಪಂಚಾಯಿತಿಗಳು ಒಂದು ದುರಂತದ ನಂತರ ಸ್ಮಾರಕದ ಯೋಜನೆ ಹಾಕುವಾಗ ಶಿಲ್ಪಿಯನ್ನು ಹುಡುಕುವ ಮೊದಲು ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಕಾಗದ, ಬಣ್ಣ, ಸೂಜಿದಾರ ಮತ್ತು ಎಲ್ಲರೂ ಕೂರಬಹುದಾದ ಒಂದು ಜಗಲಿ ಸಿಕ್ಕರೆ ಜನ ತಮ್ಮ ಶೋಕಕ್ಕೆ ತಾವೇ ರೂಪ ಕೊಡಬಲ್ಲರು ಎಂಬುದನ್ನು ಮುದಗಲ್ಲಿನಿಂದ ಹಿರೋಶಿಮಾದವರೆಗಿನ ಅನುಭವ ಸಾಬೀತುಪಡಿಸಿದೆ.